ಹಬ್ಬದ ನಗದು ಯಾರ ಮನೆಗೆ?



ಬನ್ನಿ ವಿನಿಮಯ ಮಾಡಿಕೊಂಡು ಹಿರಿಯರ ಪಾದಕ್ಕೆರಗಿದ ಮರುದಿನದಿಂದಲೇ ನಮ್ಮ ಮನೆಗಳಲ್ಲಿ ದೀಪಾವಳಿಯ ಮಾತು ಮೊದಲಾಗುತ್ತದೆ. ಗೋಡೆಗೆ ಸುಣ್ಣ, ಮಕ್ಕಳಿಗೆ ಬಟ್ಟೆ, ಮಗಳಿಗೆ ಸೀರೆ, ಅಳಿಯನಿಗೆ ಆಮಂತ್ರಣ, ಅಂಗಡಿಯ ಪೂಜೆ, ದನಕರುಗಳಿಗೆ ಸಿಂಗಾರ ಎಂದು ಪಟ್ಟಿ ಬೆಳೆಯುತ್ತ ಹೋಗುತ್ತದೆ. ಸಾಮಾನ್ಯ ಕುಟುಂಬದ ಕೈಯಲ್ಲಿ ನಾಲ್ಕು ಕಾಸು ಒಟ್ಟಿಗೆ ಕೂಡುವ ಕಾಲವೂ ಇದೇ. ನೌಕರನಿಗೆ ಬೋನಸ್ಸು ಬಂದಿರುತ್ತದೆ. ರೈತನಿಗೆ ಮುಂಗಾರಿನ ಹೆಸರು, ಗೋವಿನಜೋಳಗಳ ಹಣ ಕೈಸೇರಿರುತ್ತದೆ. ಈ ಹಣ ನಮ್ಮ ಹೊಸ್ತಿಲನ್ನು ದಾಟಿ ಯಾರ ಮನೆಯನ್ನು ಸೇರುತ್ತದೆ ಎಂಬುದನ್ನು ನಾವು ವಿಚಾರಿಸುವುದಿಲ್ಲ. ಕಳೆದ ವರ್ಷದ ದೀಪಾವಳಿ ಅಮಾವಾಸ್ಯೆಯಂದು ನಾನು ಕಂಡ ಒಂದು ಸಂಗತಿ ನನ್ನನ್ನು ಈ ವಿಚಾರಕ್ಕೆ ಹಚ್ಚಿತು. ಅದನ್ನು ತಮ್ಮ ಮುಂದೆ ನಿವೇದಿಸಿಕೊಳ್ಳುತ್ತೇನೆ.

ನಮ್ಮ ಓಣಿಯ ಹಿರಿಯ ಕಿರಾಣಿ ವ್ಯಾಪಾರಸ್ಥರೊಬ್ಬರು ಪ್ರತಿವರ್ಷದಂತೆ ಅಂಗಡಿಯ ಪೂಜೆಗೆ ನನ್ನನ್ನು ಕರೆದಿದ್ದರು. ಬೆಂಡು, ಬತ್ತಾಸು, ಚುನಮುರಿ, ಚೆಂಡುಹೂವು, ಕಬ್ಬು ಎಲ್ಲವೂ ಸಿದ್ಧವಾಗಿದ್ದವು. ಪೂಜೆಗೆ ಇಟ್ಟ ಹೊಸ ಕಿರ್ದಿಯ ಪಕ್ಕದಲ್ಲಿ ಹಳೆಯ ಖಾತೆಯ ಪುಸ್ತಕವೂ ಇತ್ತು. “ಅಯ್ಯಾರ, ಮೊದಲ ಹಳೇದಕ್ಕ ಕೈ ಮುಗೀರಿ, ಆಮ್ಯಾಲ ಹೊಸಾದಕ್ಕ ಕುಂಕುಮ ಹಚ್ಚೂಣು. ನಮ್ಮ ಬಂಡವಾಳೆಲ್ಲಾ ಅದರಾಗ ಐತ್ರಿ” ಎಂದು ನಕ್ಕರು. ನಾನು ಪುಟ ತಿರುವಿದೆ. ಯುಗಾದಿಯಿಂದ ಶ್ರಾವಣದವರೆಗೆ, ಶ್ರಾವಣದಿಂದ ದಸರೆಯವರೆಗೆ, ಅಕ್ಕಿ, ಬೇಳೆ, ಎಣ್ಣೆ, ಬೆಲ್ಲ ಕೊಂಡೊಯ್ದವರ ಹೆಸರು ಸಾಲುಸಾಲಾಗಿದ್ದವು. ಅವರಲ್ಲಿ ಹೆಚ್ಚಿನವರು ಎರಡು ಹೊತ್ತಿಗೆ ಗತಿಯಿಲ್ಲದ ಬಡವರಲ್ಲ. ನಾವು ನೀವು ಬಲ್ಲ ಗೌರವಸ್ಥ ಮನೆಗಳವರು.

ಅದೇ ಹೊತ್ತಿಗೆ ಎದುರು ಮನೆಯ ಮುಂದೆ ಸಾಮಾನು ತಲುಪಿಸುವ ಗಾಡಿಯೊಂದು ಬಂದು ನಿಂತಿತು. ಹುಡುಗನು ನಾಲ್ಕು ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿದನು. ಆ ಮನೆಯ ಹೆಸರು ಖಾತೆಯಲ್ಲಿ ಎರಡು ಪುಟ ತುಂಬಿತ್ತು. ಮುದುಕರು ಅತ್ತ ಒಮ್ಮೆ ನೋಡಿ, “ವರ್ಷಾ ಪೂರ್ತಿ ಉದ್ರಿ ನಮ್ಮ ಕಡೆ, ಹಬ್ಬದ ನಗದು ಪ್ಯಾಟಿ ಕಡೆ. ಯಾರ ಮ್ಯಾಲ ಸಿಟ್ಟಾಗೂಣ್ರಿ ಅಯ್ಯಾರ?” ಎಂದಷ್ಟೇ ಹೇಳಿ ಊದಿನಕಡ್ಡಿ ಹಚ್ಚಿದರು.

ಎದುರು ಮನೆಯವರ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ಕಠಿಣ ಮಾತು ಮೂಡಿತ್ತು. ಆದರೆ ಮುಂದಿನ ಪುಟ ತಿರುವಿದಾಗ ಅದು ಅಲ್ಲಿಯೇ ಅಡಗಿತು. ಅಲ್ಲಿ ನಮ್ಮ ಓಣಿಯ ಪುರಾಣ ಸಮಿತಿಯ ಹೆಸರಿತ್ತು. ಶ್ರಾವಣ ಮಾಸದ ಪ್ರವಚನದ ಮಂಗಲದಂದು ಪ್ರಸಾದಕ್ಕಾಗಿ ತಂದ ಬೆಲ್ಲ, ಗೋದಿ, ಎಣ್ಣೆಯ ಲೆಕ್ಕ ಬಾಕಿಯಾಗಿಯೇ ಉಳಿದಿತ್ತು. ಪ್ರವಚನ ಮಾಡಿ ಶಾಲು ಹೊದ್ದು ಬಂದವನು ನಾನೇ. ಸಮಿತಿಯಲ್ಲಿ ಹಿರಿಯನೆನಿಸಿಕೊಂಡವನೂ ನಾನೇ. ಕಾಯಕದ ಮಹಿಮೆಯನ್ನು ಒಂದು ತಿಂಗಳು ಬಣ್ಣಿಸಿದ ನಾಲಗೆಗೆ, ಒಬ್ಬ ಕಾಯಕಜೀವಿಯ ಬಾಕಿ ಎರಡು ತಿಂಗಳಾದರೂ ನೆನಪಾಗಿರಲಿಲ್ಲ. ಹಬ್ಬದ ಹೋಳಿಗೆ ಆ ದಿನ ನನಗೆ ರುಚಿಸಲಿಲ್ಲ.

ಉದ್ರಿ ಎಂಬುದು ಸಣ್ಣ ಮಾತಲ್ಲ. ಅದು ಸಾಲಪತ್ರವಿಲ್ಲದ, ಬಡ್ಡಿಯಿಲ್ಲದ, ಕೇವಲ ಮುಖ ನೋಡಿ ಕೊಟ್ಟ ನಂಬಿಕೆ. 2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ನಮ್ಮ ಓಣಿಗಳಲ್ಲಿ ಅರೆಬಾಗಿಲು ತೆರೆದು, ಮುಖಕ್ಕೆ ವಸ್ತ್ರ ಕಟ್ಟಿಕೊಂಡು, ಹಣದ ಮಾತೆತ್ತದೆ ಹಿಟ್ಟು ಬೇಳೆ ಕೊಟ್ಟವರು ಇಂಥ ಅಂಗಡಿಯವರೇ. ಮಳೆ ತಪ್ಪಿದ ವರ್ಷ ರೈತನಿಗೆ, ಸಂಬಳ ತಡವಾದ ತಿಂಗಳು ನೌಕರನಿಗೆ, ಗಂಡ ಪರವೂರಿಗೆ ದುಡಿಯಹೋದಾಗ ತಾಯಿಗೆ ಮನೆ ನಡೆಯುವುದು ಈ ಖಾತೆಯ ಬಲದಿಂದ. ಆದರೆ ಅಂಗಡಿಯವನಿಗೆ ಸಾಮಾನು ಕೊಡುವ ದೊಡ್ಡ ಪೇಟೆಯ ಸಗಟು ವ್ಯಾಪಾರಿ ಅವನ ಮುಖ ನೋಡಿ ತಿಂಗಳುಗಟ್ಟಲೆ ಕಾಯುವುದಿಲ್ಲ. ಹೀಗಾಗಿ ಹಬ್ಬದ ನಗದು ವ್ಯಾಪಾರವೇ ಅವನಿಗೆ ವರ್ಷದ ಉಸಿರು. ಆ ಉಸಿರನ್ನು ನಾವು ಬೇರೆಡೆಗೆ ತಿರುಗಿಸಿದರೆ ಒಂದು ದಿನ ಆ ಬಾಗಿಲು ಮುಚ್ಚುತ್ತದೆ. ಆ ಮೇಲೆ ನಮ್ಮ ಕಷ್ಟಕಾಲದಲ್ಲಿ ರಟ್ಟಿನ ಪೆಟ್ಟಿಗೆಯ ಕಂಪನಿ ನಮಗೆ ಮುಖ ನೋಡಿ ಉದ್ರಿ ಕೊಟ್ಟೀತೇ?

ಊರಿನ ಹಣ ಊರಿನಲ್ಲಿ ಸುತ್ತಬೇಕೆಂಬುದು ನಮ್ಮ ನಾಡಿಗೆ ಹೊಸ ವಿಚಾರವೇನಲ್ಲ. ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. 1904ರ ಸಹಕಾರಿ ಕಾಯಿದೆ ಬಂದ ಮರುವರ್ಷವೇ ನೋಂದಣಿಯಾದ ಈ ಸಂಘವು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಹೆಸರಾಗಿದೆ. ನೆರೆಹೊರೆಯವರ ಚಿಕ್ಕ ಉಳಿತಾಯವು ನೆರೆಹೊರೆಯವರ ಬೀಜಕ್ಕೆ, ಎತ್ತಿಗೆ ಒದಗಲಿ, ಬಡ್ಡಿಯ ಹಣ ಊರ ಗಡಿ ದಾಟದಿರಲಿ ಎಂಬುದೇ ಇಂಥ ಸಂಘಗಳ ತಿರುಳು. ನಮ್ಮ ಹಬ್ಬದ ಖರೀದಿಗೂ ಇದೇ ತಿರುಳು ಅನ್ವಯಿಸುತ್ತದೆ. ದೂರದ ಕಾರ್ಖಾನೆಯ ಪೊಟ್ಟಣವನ್ನು ಊರ ಅಂಗಡಿಯಲ್ಲಿ ಕೊಂಡರೆ ಅಂಗಡಿಯವನ ಚಿಕ್ಕ ಲಾಭವಷ್ಟೇ ಊರಿನಲ್ಲಿ ಉಳಿಯುತ್ತದೆ. ಅದೇ ಊರ ಕುಂಬಾರನಿಂದ ಪಣತಿ ಕೊಂಡರೆ ಮಣ್ಣು, ಕಟ್ಟಿಗೆ, ದುಡಿಮೆ ಎಲ್ಲವುಗಳ ಬೆಲೆ ಊರಿನಲ್ಲಿಯೇ ನಿಲ್ಲುತ್ತದೆ. ಅವನು ಆ ಹಣದಿಂದ ಕಿರಾಣಿ ಅಂಗಡಿಯ ಬಾಕಿ ತೀರಿಸುತ್ತಾನೆ. ಅಂಗಡಿಯವನು ರೈತನಿಂದ ಜೋಳ ಕೊಳ್ಳುತ್ತಾನೆ. ರೈತನು ದರ್ಜಿಯ ಹತ್ತಿರ ಮಗನಿಗೆ ಅಂಗಿ ಹೊಲಿಸುತ್ತಾನೆ. ಒಂದೇ ನೋಟು ನಾಲ್ಕು ಮನೆಯಲ್ಲಿ ದೀಪ ಹಚ್ಚುತ್ತದೆ.

ಪಣತಿಯ ಮಾತು ಬಂದಾಗ ನನ್ನ ವಿದ್ಯಾರ್ಥಿ ಜೀವನದ ಘಟನೆಯೊಂದು ಕಣ್ಣಮುಂದೆ ನಿಲ್ಲುತ್ತದೆ. ಮಠದ ಕಾರ್ತಿಕ ದೀಪೋತ್ಸವಕ್ಕೆ ಪಣತಿ ತರಲು ಗುರುಗಳು ನನ್ನನ್ನು ಸಂತೆಗೆ ಕಳಿಸಿದ್ದರು. ಹೊತ್ತು ಇಳಿದಿತ್ತು, ಮೋಡ ಕವಿದಿತ್ತು, ಕುಂಬಾರ ಮುದುಕಿಗೆ ಮನೆಗೆ ಹೋಗುವ ಅವಸರ. ನಾನು ಚೌಕಾಶಿ ಮಾಡಿ, ಮಠದ ಹೆಸರು ಹೇಳಿ, ಅರ್ಧ ಬೆಲೆಗೆ ಬುಟ್ಟಿ ತುಂಬಿಸಿಕೊಂಡು ಬಂದೆ. ಉಳಿದ ಹಣವನ್ನು ಗುರುಗಳ ಮುಂದಿಟ್ಟು ಹೊಗಳಿಕೆಗಾಗಿ ಕಾದು ನಿಂತೆ. ಅವರು ವಿಷಯವನ್ನೆಲ್ಲ ಕೇಳಿ, “ಮಠದ ದೀಪ ಉರಿಯಬೇಕೆಂದು ಕುಂಬಾರಗಿತ್ತಿಯ ಒಲೆ ಆರಬೇಕೇನಪ್ಪಾ? ಹೋಗು, ಕೊಟ್ಟು ಬಾ” ಎಂದರು. ನಾನು ಕತ್ತಲಲ್ಲಿ ಎರಡು ಹರದಾರಿ ನಡೆದು ಆ ತಾಯಿಯ ಮನೆ ಹುಡುಕಿ ಹಣ ಕೊಟ್ಟೆ. ಆಕೆ ಅದನ್ನು ಎಣಿಸದೆ ಸೆರಗಿಗೆ ಕಟ್ಟಿಕೊಂಡು ನನಗೆ ಕುಡಿಯಲು ಮಜ್ಜಿಗೆ ಕೊಟ್ಟಳು. ಆ ದಿನದ ಪಾಠ ಯಾವ ಗ್ರಂಥದಿಂದಲೂ ನನಗೆ ದೊರೆತಿಲ್ಲ.

ಪಣತಿ ಮಾಡುವವರ ಶ್ರಮವನ್ನು ಬಲ್ಲವರು ಚೌಕಾಶಿಗೆ ಮುಂದಾಗಲಾರರು. ಕೆರೆಯ ಮಣ್ಣನ್ನು ತಂದು ಕುಟ್ಟಿ, ಸೋಸಿ, ನೆನೆಯಿಟ್ಟು, ತುಳಿದು ಹದಮಾಡಬೇಕು. ತಿಗರಿಯ ಮೇಲೆ ಒಂದೊಂದನ್ನೇ ತೆಗೆಯಬೇಕು. ನೆರಳಿನಲ್ಲಿ ಆರಿಸಿ ಆವಿಗೆಯಲ್ಲಿ ಸುಡಬೇಕು. ಆಶ್ವಯುಜದ ಒಂದು ಅಕಾಲಿಕ ಮಳೆ ಸಾಕು, ಒಣಗಲು ಇಟ್ಟದ್ದೆಲ್ಲ ಮತ್ತೆ ಕೆಸರಾಗಲು. ಇಷ್ಟಾದ ಮೇಲೆ ಮಾರಾಟಕ್ಕೆ ಸಿಗುವುದು ಹಬ್ಬದ ಮುಂಚಿನ ಕೆಲವೇ ದಿನಗಳು. ಪಾಡ್ಯದ ಮರುದಿನ ಆ ಪಣತಿಗೆ ಕೊಳ್ಳುವವರೇ ಇಲ್ಲ. ರಸ್ತೆಯ ಬದಿಯಲ್ಲಿ ಚೆಂಡುಹೂವು ಸುರಿದುಕೊಂಡು ಕುಳಿತ ರೈತನ ಸ್ಥಿತಿಯೂ ಇದೇ. ಇದನ್ನು ಬಲ್ಲ ನಾವು ಕೊನೆಯ ಗಳಿಗೆಯವರೆಗೆ ಕಾದು, ಅವನ ಅಸಹಾಯಕತೆಯ ಮೇಲೆ ಬೆಲೆ ಕಟ್ಟುವುದು ಚಾತುರ್ಯವಲ್ಲ.

ಇನ್ನು ತಾಯಂದಿರಿಗೆ ಒಂದು ಮಾತು. ಹಬ್ಬದಲ್ಲಿ ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬುವುದು ನಮ್ಮ ಸೊಗಸಾದ ಸಂಪ್ರದಾಯ. ಆದರೆ ಇಂದು ಉಡಿಗೆ ಬೀಳುವ ಖಣವು ಎಂಥದು? ಯಾವುದೋ ಗಿರಣಿಯ ತೆಳು ಪಾಲಿಯೆಸ್ಟರ್ ತುಂಡು. ಅದನ್ನು ಪಡೆದವರು ಹೊಲಿಸುವುದಿಲ್ಲ; ಪೆಟ್ಟಿಗೆಯಲ್ಲಿಟ್ಟು ಮುಂದಿನ ಹಬ್ಬಕ್ಕೆ ಇನ್ನೊಬ್ಬರ ಉಡಿಗೆ ಹಾಕುತ್ತಾರೆ. ಹೀಗೆ ಸುತ್ತಿ ಸುತ್ತಿ ಒಂದು ದಿನ ಅದು ಮೊದಲು ಕೊಟ್ಟವರ ಮನೆಗೇ ಬಂದು ಸೇರುವುದೂ ಉಂಟು! ಯಾರ ಮೈಯನ್ನೂ ಮುಚ್ಚದ, ಯಾವ ನೇಕಾರನ ಹೊಟ್ಟೆಯನ್ನೂ ತುಂಬಿಸದ ಈ ಖಣದಿಂದ ಯಾರಿಗೆ ಮಂಗಲ?

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಕುಪ್ಪಸಕ್ಕೆಂದೇ ನೇಯುವ ಖಣವಿದೆ. ಅದೇ ಜಿಲ್ಲೆಯ ಇಳಕಲ್ಲಿನ ಸೀರೆ ನಾಡಿನಾಚೆಗೂ ಹೆಸರಾಗಿದೆ. ಇಳಕಲ್ ಸೀರೆಯ ಮೈಯ ಹಾಸು ನೂಲು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಇವೆರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ನೇಯ್ಗೆ ಮುಂದುವರಿಯುತ್ತದೆ. ಕೆಂಪು ಸೆರಗಿನಲ್ಲಿ ಬಿಳಿಯ ಗೋಪುರದಂಥ ಚಿತ್ತಾರ ಮೂಡುತ್ತದೆ. ಒಂದು ಸೀರೆಯ ಹಿಂದೆ ಮಗ್ಗದ ಮೇಲೆ ಕುಳಿತವನಷ್ಟೇ ಅಲ್ಲ, ನೂಲು ಸುತ್ತುವ, ಬಣ್ಣ ಹಾಕುವ, ಕೊಂಡಿ ಹಾಕುವ ಮನೆಮಂದಿಯೆಲ್ಲ ಇರುತ್ತಾರೆ. ವಿದ್ಯುತ್ ಮಗ್ಗದ ಅನುಕರಣೆಯು ಅದೇ ಹೆಸರಿನಲ್ಲಿ ಅಗ್ಗವಾಗಿ ಮಾರಾಟವಾಗುವಾಗ ಇವರ ಕೈಮಗ್ಗ ಮೌನವಾಗುತ್ತದೆ. ಆದ್ದರಿಂದ ಕೊಳ್ಳುವಾಗ ಸೆರಗು ಸೇರುವ ಜಾಗವನ್ನು ತಿರುವಿ ನೋಡಿರಿ. 2006ರಿಂದ ಜಾರಿಯಲ್ಲಿರುವ ಕೈಮಗ್ಗದ ಗುರುತಿನ ಚೀಟಿ ಇದೆಯೇ ಎಂದು ಕೇಳಿರಿ. ಹತ್ತು ಜನರಿಗೆ ಹತ್ತು ಗಿರಣಿಯ ತುಂಡುಗಳನ್ನು ಹಂಚುವುದಕ್ಕಿಂತ ಮೂವರಿಗೆ ಹೊಲಿಸಿ ತೊಡುವಂಥ ಒಂದೊಂದು ಗುಳೇದಗುಡ್ಡದ ಖಣ ಕೊಟ್ಟರೆ, ಉಡಿಯೂ ತುಂಬುತ್ತದೆ, ನೇಕಾರನ ಮನೆಯೂ ತುಂಬುತ್ತದೆ.

ಮನೆಯ ಹಬ್ಬಕ್ಕೆ ಸಲ್ಲುವ ಈ ಮಾತು ರಾಷ್ಟ್ರದ ಹಬ್ಬಕ್ಕೂ ಸಲ್ಲುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ನಿಯಮಾನುಸಾರದ ಖಾದಿ ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತದೆ. ನೂಲುವವರಲ್ಲಿ, ನೇಯುವವರಲ್ಲಿ, ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಟ್ಟೆಯ, ಯಂತ್ರದಲ್ಲಿ ತಯಾರಾದ ಧ್ವಜಗಳಿಗೂ ಅವಕಾಶ ದೊರೆಯಿತು. 2022ರಲ್ಲಿ ಸ್ವಾತಂತ್ರ್ಯದ ಅಮೃತ ಮಹೋತ್ಸವದ ನಿಮಿತ್ತ ಮನೆಮನೆಯ ಮೇಲೆ ಧ್ವಜ ಹಾರಿತು. ಅವುಗಳಲ್ಲಿ ಖಾದಿಯಲ್ಲದವು ಎಷ್ಟೋ. ಖಾದಿ ಸಂಘದವರು ಈ ತಿದ್ದುಪಡಿಯನ್ನು ಬಹಿರಂಗವಾಗಿ ವಿರೋಧಿಸಿದರು. ಎಲ್ಲ ಮನೆಗೂ ಧ್ವಜ ಅಗ್ಗದಲ್ಲಿ ಸಿಗಲೆಂಬ ಉದ್ದೇಶವನ್ನು ನಾನು ಹಳಿಯುವುದಿಲ್ಲ. ಆದರೆ ದೊಡ್ಡ ಸಂಭ್ರಮವೊಂದು ಬಂದಾಗ ಅದರ ಫಲವು ವರ್ಷವಿಡೀ ಆ ಕಾಯಕವನ್ನೇ ನಂಬಿದವರಿಗೆ ಮುಟ್ಟದೆ ಹೋದರೆ, ಸಂಭ್ರಮದಲ್ಲಿ ಒಂದು ಕೊರತೆ ಉಳಿಯಿತೆಂದೇ ಅರ್ಥ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಸಣ್ಣ ವ್ಯಾಪಾರಿಯಿಂದ, ಕುಶಲಕರ್ಮಿಯಿಂದ ಕೊಳ್ಳುವುದನ್ನು ಕೆಲವರು ದಾನವೆಂದು ಭಾವಿಸುತ್ತಾರೆ. “ಪಾಪ, ಬಡವರು” ಎನ್ನುತ್ತಾರೆ. ಇದು ಶರಣರ ದೃಷ್ಟಿಯಲ್ಲ. ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಸೂಜಿಕಾಯಕದ ರಾಮಿತಂದೆ ಎಂದು ಕಾಯಕವನ್ನೇ ಹೆಸರಿನ ಮುಂದೆ ಧರಿಸಿದವರ ಪರಂಪರೆ ನಮ್ಮದು. ಇವರಾರೂ ಕರುಣೆಯನ್ನು ಬೇಡಲಿಲ್ಲ. ದುಡಿಮೆಗೆ ತಕ್ಕುದನ್ನು ಪಡೆದು ಅದರಿಂದಲೇ ದಾಸೋಹ ಮಾಡಿದರು. ಆಯ್ದಕ್ಕಿ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ತಕ್ಕುದಕ್ಕಿಂತ ಹೆಚ್ಚು ಬೇಡ ಎಂಬುದು ದುಡಿಯುವವರ ಧರ್ಮವಾದರೆ, ತಕ್ಕುದಕ್ಕಿಂತ ಕಡಿಮೆ ಕೊಡೆನು ಎಂಬುದು ಕೊಳ್ಳುವವರ ಧರ್ಮ. ಬುಟ್ಟಿ ಹೆಣೆದ ಶರಣನ ಚಿತ್ರಕ್ಕೆ ಗೋಡೆಯ ಮೇಲೆ ಹಾರ ಹಾಕಿ, ಬಾಗಿಲಿಗೆ ಬುಟ್ಟಿ ಮಾರಲು ಬಂದವಳೊಡನೆ ಎರಡು ರೂಪಾಯಿಗೆ ಜಗಳವಾಡುವುದು ಯಾವ ಭಕ್ತಿ?

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಕೊಳ್ಳುವವರಂತೆ ಮಾರುವವರೂ ಇದ್ದಾರೆ. ಅವರಿಗೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಗಿರಾಕಿಗಳು ಊರ ಅಂಗಡಿಯನ್ನು ಬಿಟ್ಟದ್ದು ಕೇವಲ ಶೋಕಿಯಿಂದಲ್ಲ. ತೂಕದಲ್ಲಿ ಕಡಿತ, ಹಬ್ಬದ ಹೊತ್ತಿಗೆ ಏಕಾಏಕಿ ಏರುವ ದರ, ಹಳೆಯ ಸಾಮಾನು, ವಿದ್ಯುತ್ ಮಗ್ಗದ ಸೀರೆಗೆ ಕೈಮಗ್ಗದ ಬೆಲೆ, ಕೊಂಡದ್ದನ್ನು ಬದಲಿಸಿ ಕೊಡೆನೆಂಬ ಹಟ, ಮಕ್ಕಳು ಬಂದರೆ ಒಂದು ದರ, ದೊಡ್ಡವರು ಬಂದರೆ ಇನ್ನೊಂದು ದರ. ಇವೆಲ್ಲ ಎಲ್ಲ ಕಡೆಗೂ ಇಲ್ಲದಿದ್ದರೂ ಇರುವಲ್ಲಿ ಜನರ ಮನಸ್ಸು ಮುರಿದಿವೆ. “ನಮ್ಮೂರವನು” ಎಂಬ ಒಂದೇ ಕಾರಣಕ್ಕೆ ಮೋಸವನ್ನು ಸಹಿಸಬೇಕೆಂದು ಯಾರಿಗೂ ಬೋಧಿಸಲಾಗದು. ಸತ್ಯಶುದ್ಧವಲ್ಲದ ವ್ಯಾಪಾರ ಕಾಯಕವೆನಿಸದು. ತಕ್ಕಡಿ ನೆಟ್ಟಗಿರಲಿ, ದರದ ಪಟ್ಟಿ ಎದುರಿಗಿರಲಿ, ಮಾತು ಮೃದುವಾಗಿರಲಿ. ಗಿರಾಕಿ ತಾನಾಗಿಯೇ ಹಿಂದಿರುಗುತ್ತಾನೆ.

ಹಾಗೆಂದು ಎಲ್ಲವನ್ನೂ ಊರಿನಲ್ಲಿಯೇ ಕೊಳ್ಳಿರೆಂದು ನಾನು ಹಟ ಹಿಡಿಯುವುದಿಲ್ಲ. ಊರಿನಲ್ಲಿ ಸಿಗದ ಪುಸ್ತಕ, ಔಷಧ, ಯಂತ್ರದ ಬಿಡಿಭಾಗಗಳನ್ನು ದೂರದಿಂದ ತರಿಸುವುದು ಅನಿವಾರ್ಯ. ಕೂಲಿ ಮಾಡಿ ಬದುಕುವ ಕುಟುಂಬವು ಅಗ್ಗವಾದದ್ದನ್ನು ಹುಡುಕಿದರೆ ಅದನ್ನು ತಪ್ಪೆನ್ನಲು ನಮಗೆ ಅಧಿಕಾರವಿಲ್ಲ. ಈ ಮಾತು ಆಯ್ಕೆ ಮಾಡುವ ಅನುಕೂಲವಿದ್ದವರಿಗೆ. ಅಂಥ ಮನೆಗಳು ಈ ಹಬ್ಬಕ್ಕೆ ಐದು ಕೆಲಸಗಳನ್ನು ಮಾಡಬಹುದು.

ಮೊದಲನೆಯದು, ಹೊಸ ಬಟ್ಟೆ ಕೊಳ್ಳುವ ಮುನ್ನ ಹಳೆಯ ಉದ್ರಿ ತೀರಿಸುವುದು. ಪೂರ್ತಿ ಆಗದಿದ್ದರೆ ಅರ್ಧವನ್ನಾದರೂ ಕೊಟ್ಟು, ಉಳಿದುದಕ್ಕೆ ದಿನ ಹೇಳುವುದು.

ಎರಡನೆಯದು, ಪಣತಿ, ಹೂವು, ಬುಟ್ಟಿ, ಮೊರ, ಮುತ್ತುಗದ ಪತ್ರಾವಳಿಗಳನ್ನು ಮಾಡುವವರಿಂದಲೇ ಹೇಳಿದ ಬೆಲೆಗೆ, ಹಬ್ಬಕ್ಕೆ ನಾಲ್ಕು ದಿನ ಮೊದಲೇ ಕೊಳ್ಳುವುದು.

ಮೂರನೆಯದು, ಬಂಧುಗಳಿಗೆ ಕೊಡುವ ಸಿಹಿಯನ್ನು ಊರ ಮಹಿಳಾ ಸಂಘಗಳಿಂದ ಮಾಡಿಸುವುದು. ಶೇಂಗಾ ಹೋಳಿಗೆ, ಗೋಕಾಕ ಅಥವಾ ಅಮೀನಗಡದ ಕರದಂಟು, ಬೆಳಗಾವಿಯ ಕುಂದಾ, ಧಾರವಾಡದ ಪೇಡೆ ಇರುವ ನಾಡಿನಲ್ಲಿ ಪರದೇಶದ ಚಾಕೊಲೇಟಿನ ಪೆಟ್ಟಿಗೆ ಏತಕ್ಕೆ?

ನಾಲ್ಕನೆಯದು, ಬಟ್ಟೆಯನ್ನು ಊರ ದರ್ಜಿಯ ಹತ್ತಿರ ಹೊಲಿಸುವುದು, ಹೊಲಿಗೆಯ ಹಣವನ್ನು ಬಟ್ಟೆ ಪಡೆದ ದಿನವೇ ಕೊಡುವುದು.

ಐದನೆಯದು ಮಠ, ದೇವಸ್ಥಾನ, ಸಮಿತಿಗಳಿಗೆ. ಕಾರ್ತಿಕದ ದೀಪೋತ್ಸವಕ್ಕೆ ಬೇಕಾದ ಪಣತಿಗಳನ್ನು ಶ್ರಾವಣದಲ್ಲಿಯೇ ಹೇಳಿ ಮುಂಗಡ ಕೊಡಲಿ. ಉತ್ಸವದ ಲೆಕ್ಕವನ್ನು ಭಕ್ತರ ಮುಂದೆ ಓದುವಾಗ ಯಾರ ಬಾಕಿ ಎಷ್ಟೆಂಬುದನ್ನೂ ಓದಲಿ. ಬಾಕಿ ತೀರಿದ ಮೇಲೆಯೇ ಸನ್ಮಾನದ ಶಾಲು ತರಲಿ.

ಈ ಕೊನೆಯ ನಿಯಮವನ್ನು ನಾನು ನನ್ನಿಂದಲೇ ಆರಂಭಿಸಬೇಕಾಯಿತು. ಪಾಡ್ಯದ ಮುಂಜಾನೆ ಸಮಿತಿಯ ಇಬ್ಬರನ್ನು ಕರೆದುಕೊಂಡು ಆ ಅಂಗಡಿಗೆ ಹೋದೆ. ಇದ್ದ ಹಣಕ್ಕೆ ನಮ್ಮ ಕೈಯಿಂದ ಸ್ವಲ್ಪ ಕೂಡಿಸಿ ಬಾಕಿಯನ್ನೆಲ್ಲ ಎಣಿಸಿ ಕೊಟ್ಟೆವು. “ತಡ ಆತು, ತಪ್ಪಾತ್ರಿ ಶೆಟ್ಟರ” ಎಂದೆ. ಅವರು ಗಡಿಬಿಡಿಯಿಂದ ಎದ್ದು ನಿಂತು, “ಪ್ರಸಾದದ ರೊಕ್ಕಾ ಎಲ್ಲಿ ಹೊಕ್ಕಾವ್ರಿ ಅಯ್ಯಾರ” ಎಂದರು. ಆದರೆ ಹಳೆಯ ಪುಟಕ್ಕೆ ಗೆರೆ ಎಳೆಯುವಾಗ ಅವರ ಕೈ ಸ್ವಲ್ಪ ನಡುಗಿತು. ಆ ವರ್ಷ ಮೊಮ್ಮಗಳ ಕಾಲೇಜಿನ ಶುಲ್ಕ ಕಟ್ಟುವ ಗಡುವು ಆ ವಾರವೇ ಇತ್ತೆಂದು ಅವರ ಮನೆಯವರಿಂದ ನನಗೆ ಆ ಮೇಲೆ ತಿಳಿಯಿತು. ಅವರು ತಾವಾಗಿ ಅದನ್ನು ಹೇಳಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ.

ಬಂಧುಗಳೇ, ನಮ್ಮ ಹೆಸರು ಯಾರ ಖಾತೆಯ ಯಾವ ಪುಟದಲ್ಲಿ ಇದೆ ಎಂಬುದನ್ನು ದೀಪ ಹಚ್ಚುವ ಮುನ್ನ ಒಮ್ಮೆ ನೆನೆಯೋಣ. ನೆರೆಮನೆಯ ಕಾಯಕ ಬೆಳಗಲಿ; ಆ ಬೆಳಕಿನಲ್ಲಿ ನಮ್ಮ ಮನೆಯೂ ಬೆಳಗೀತು.